ಪ್ರಾರ್ಥಿಸಿ ವರ್ಷಗಳಾದವು, ಇನ್ನೆಷ್ಟು ಕಾಯಬೇಕು?

ಮದುವೆ ಕೂಡಿಬಂದಿಲ್ಲ, ಮಗು ಆಗಿಲ್ಲ, ಕೆಲಸ ಸಿಕ್ಕಿಲ್ಲ. ವಿಷಯ ಯಾವುದೇ ಇರಲಿ, ಸಭೆಯಲ್ಲಿ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ದೇವರ ಸಮಯ ಬರುವವರೆಗೆ ಸುಮ್ಮನಿರಬೇಕೋ, ನಾವೂ ಏನಾದರೂ ಮಾಡಬಹುದೋ? ಮಾಡಿದರೆ ಅವಿಶ್ವಾಸ ಆಗುತ್ತದಾ?"

ಆಗುವುದಿಲ್ಲ. ಬೈಬಲಿನಲ್ಲಿ ದೇವರಿಗಾಗಿ ಕಾದವರು ಹೆಚ್ಚಿನಂಶ ಕೈ ಕಟ್ಟಿ ಕೂತವರಲ್ಲ.

ಹೊಸ ವರ್ಷದ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಯೆರೆಮೀಯ 29:11 ತಪ್ಪದೆ ಇರುತ್ತದೆ. ದೇವರ ಆಲೋಚನೆಗಳು ಅಹಿತದವಲ್ಲ, ಹಿತದವು ಎನ್ನುವ ವಚನ. ಅದರ ಹಿಂದಿನ ವಚನ ಕಾರ್ಡಿನಲ್ಲಿ ಇರುವುದಿಲ್ಲ: ಬಾಬೆಲಿನಲ್ಲಿ ಎಪ್ಪತ್ತು ವರ್ಷ ತುಂಬಿದ ಮೇಲೆಯೇ ನಿಮ್ಮನ್ನು ಹಿಂದಕ್ಕೆ ತರುತ್ತೇನೆ ಎನ್ನುತ್ತದೆ ಅದು. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರವಿದು. ಓದಿದವರಲ್ಲಿ ನಲವತ್ತು ದಾಟಿದವರಿಗೆ ಊರಿಗೆ ಮರಳುವ ದಿನ ಬರುವಂತಿರಲಿಲ್ಲ. ಅವರಿಗೆ ಪತ್ರ ಹೇಳಿದ್ದೇನು? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮದುವೆಯಾಗಿ, ಮಕ್ಕಳಿಗೂ ಮದುವೆ ಮಾಡಿ, ಸೆರೆಹೋದ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಬಿಡುಗಡೆ ಆದಮೇಲೆ ಬಾಳಲು ಶುರು ಮಾಡಿ ಎಂದು ಹೇಳಲಿಲ್ಲ.

ಇದಕ್ಕೆ ಮೊದಲಿನ ಅಧ್ಯಾಯದಲ್ಲಿ ಹನನ್ಯ ಎಂಬವನು ದೇವಾಲಯದಲ್ಲಿ ನಿಂತು, ಎರಡೇ ವರ್ಷದಲ್ಲಿ ಎಲ್ಲವೂ ಹಿಂದಕ್ಕೆ ಬರುತ್ತದೆ ಎಂದು ಸಾರಿದ. ಜನಕ್ಕೆ ಬೇಕಾಗಿದ್ದೂ ಅದೇ ಮಾತು, ಆದರೆ ಅದು ಸುಳ್ಳು. ಇಂದೂ "ಇಷ್ಟು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ತೊಟ್ಟಿಲು ತೂಗುತ್ತದೆ" ಎಂದು ಗಡುವು ಕೊಟ್ಟು ಪ್ರವಾದಿಸುವವರಿದ್ದಾರೆ. ಅಂಥ ಮಾತು ನಂಬಿ ಔಷಧಿ ನಿಲ್ಲಿಸಬೇಡಿ, ಸಾಲ ಮಾಡಬೇಡಿ, ಇರುವ ಕೆಲಸ ಬಿಡಬೇಡಿ. ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ ಎಂದು ಧರ್ಮೋಪದೇಶಕಾಂಡ 18:22 ನೇರವಾಗಿ ಹೇಳುತ್ತದೆ. ನಡೆಯದಿದ್ದಾಗ ನಿಮ್ಮ ನಂಬಿಕೆ ಸಾಲದೆ ಹೋಯಿತು ಎಂದು ನಿಮ್ಮ ಮೇಲೆಯೇ ಹೊರಿಸುವುದು ಅನ್ಯಾಯ.

ಹೇಗೆ ಕಾಯಬೇಕು ಎಂದು ಕೇಳಿದರೆ ನಾನು ಪರ್ಶಿಯದ ರಾಜನಿಗೆ ಪಾನಸೇವಕನಾಗಿದ್ದ ಯೆಹೂದ್ಯ ನೆಹೆಮೀಯನನ್ನು ತೋರಿಸುತ್ತೇನೆ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಅವನಿಗೆ ಸಿಕ್ಕಿದ್ದು ಕಿಸ್ಲೇವ್ ಮಾಸದಲ್ಲಿ. ಅತ್ತ, ಉಪವಾಸ ಮಾಡಿದ, ಪ್ರಾರ್ಥಿಸಿದ. ರಾಜನ ಮುಂದೆ ಬಾಯಿ ಬಿಟ್ಟದ್ದು ನೀಸಾನ್ ಮಾಸದಲ್ಲಿ, ಸುಮಾರು ನಾಲ್ಕು ತಿಂಗಳ ನಂತರ. "ನಿನಗೇನು ಬೇಕು?" ಎಂದು ರಾಜ ಕೇಳಿದಾಗ ಮನಸ್ಸಿನಲ್ಲೇ ಪ್ರಾರ್ಥಿಸಿ, ತಡವರಿಸದೆ ಉತ್ತರ ಕೊಟ್ಟ. ಎಷ್ಟು ಕಾಲ ಬೇಕು, ಯಾವ ಅಧಿಪತಿಗಳಿಗೆ ಪತ್ರ ಬೇಕು, ಮರಮುಟ್ಟು ಯಾರಿಂದ ಸಿಗಬೇಕು, ಎಲ್ಲವೂ ಅವನಿಗೆ ಗೊತ್ತಿತ್ತು. ಗೋಡೆ 52 ದಿನಗಳಲ್ಲಿ ಮುಗಿಯಿತು. ಪ್ರಾರ್ಥನೆಯ ತಿಂಗಳುಗಳಲ್ಲಿ ಅವನು ಲೆಕ್ಕವನ್ನೂ ಹಾಕಿದ್ದ ಎಂದೇ ನಾನು ಓದುತ್ತೇನೆ.

ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ನಿಮ್ಮ ಕೈಯಲ್ಲಿರುವುದು, ಬಲಕ್ಕೆ ಇಲ್ಲದ್ದು. ಮಗುವಿನ ವಿಷಯವಾದರೆ, ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಡಾಕ್ಟರನ್ನು ಕಾಣಬೇಕು. ಪರೀಕ್ಷೆ ಗಂಡನಿಗೂ ಆಗಬೇಕು. ಇದು ಎಡಗಡೆಯದು. ಗರ್ಭ ನಿಲ್ಲುವುದು ಬಲಗಡೆಯದು. ಮದುವೆಯ ವಿಷಯವಾದರೆ ನಾಲ್ಕು ಜನಕ್ಕೆ ಹೇಳಿಡುವುದು, ಜಾತಿ, ಬಣ್ಣ, ಸಂಬಳದ ಷರತ್ತುಗಳನ್ನು ಪ್ರಾಮಾಣಿಕವಾಗಿ ಮತ್ತೆ ನೋಡುವುದು ಎಡಗಡೆಗೆ ಸೇರುತ್ತದೆ. ಎಡಗಡೆಯ ಪ್ರತಿಯೊಂದಕ್ಕೂ ತಾರೀಖು ಬರೆಯಿರಿ. ಎಡಗಡೆಯದನ್ನು ಮಾಡದೆ ಬಿಟ್ಟು ಅದಕ್ಕೂ ದೇವರ ಸಮಯ ಎಂದು ಹೆಸರಿಡುವುದು ನಾನು ಅತಿ ಹೆಚ್ಚು ಕಾಣುವ ತಪ್ಪು.

ಅಡ್ಡದಾರಿ ಬೇರೆ ವಿಷಯ. ಕಾನಾನಿಗೆ ಬಂದು ಹತ್ತು ವರ್ಷವಾದರೂ ಮಗುವಾಗದಿದ್ದಾಗ ಅಬ್ರಹಾಮನ ಹೆಂಡತಿ ಸಾರಳು ದಾಸಿ ಹಾಗರಳನ್ನು ಗಂಡನಿಗೆ ಕೊಟ್ಟಳು. ಅಬ್ರಹಾಮನಿಗೆ 86ರಲ್ಲಿ ಹಾಗರಳಿಂದ ಇಷ್ಮಾಯೇಲ ಹುಟ್ಟಿದ, ದೇವರು ಮಾತು ಕೊಟ್ಟಿದ್ದ ಮಗ ಇಸಾಕ ಸಾರಳಿಗೆ ಹುಟ್ಟಿದ್ದು 100ರಲ್ಲಿ. ನಡುವಿನ ನೋವನ್ನು ಉಂಡವಳು ಹಾಗರಳು. ಮಾಡಹೊರಟ ಕೆಲಸಕ್ಕೆ ಏನನ್ನಾದರೂ ಮುಚ್ಚಿಡಬೇಕಾದರೆ, ಅಥವಾ ಅದರ ಬೆಲೆಯನ್ನು ಇನ್ನೊಬ್ಬರು ತೆರಬೇಕಾದರೆ, ಅಲ್ಲಿ ನಿಲ್ಲಿಸಿ. ದೇವರ ಚಿತ್ತ ತಿಳಿಯಲೆಂದು ಚೀಟಿ ಎತ್ತುವುದು, ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಡುವುದೂ ಬೇಡ. ಯೂದನ ಸ್ಥಾನಕ್ಕೆ ಮತ್ತೀಯನನ್ನು ಚೀಟು ಹಾಕಿ ಆರಿಸಿದ್ದು ಪಂಚಾಶತ್ತಮದ ದಿನ ಪವಿತ್ರಾತ್ಮ ಇಳಿದು ಬರುವ ಮೊದಲು. ಪವಿತ್ರಾತ್ಮ ಬಂದ ಮೇಲೆ ಅಪೊಸ್ತಲರು ಹಾಗೆ ಮಾಡಿದ್ದು ಎಲ್ಲಿಯೂ ದಾಖಲಾಗಿಲ್ಲ. ಮನಸ್ಸು ಕುಸಿದಿರುವಾಗ, ಚೆನ್ನಾಗಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡಿ ಎಂಬ ಸಂತ ಇಗ್ನೇಷಿಯಸ್ ಲೊಯೋಲಾರ ನಿಯಮ ಐದು ಶತಮಾನದ ಹತ್ತಿರ ಬಂದರೂ ಉಪಯೋಗಕ್ಕೆ ಬರುತ್ತದೆ.

ಬಲಗಡೆಯದಕ್ಕೆ ಪ್ರಾರ್ಥನೆ. ಕೀರ್ತನೆ 13ರಲ್ಲಿ ಇರುವುದು ಆರೇ ವಚನ. ಮೊದಲ ಎರಡರಲ್ಲಿ "ಇನ್ನೆಷ್ಟು ಕಾಲ?" ಎಂಬ ಪ್ರಶ್ನೆ ನಾಲ್ಕು ಬಾರಿ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ನಿಮ್ಮ ಪ್ರಾರ್ಥನೆಯನ್ನು ಇದೇ ಮೂರು ಭಾಗದಲ್ಲಿ ಬರೆಯಿರಿ. ನಮ್ಮಲ್ಲಿ ಬಹಳ ಜನ ಮೊದಲ ಭಾಗವನ್ನು ಪಾಪವೆಂದು ಹೆದರಿ ನೇರ ಮೂರನೆಯದಕ್ಕೆ ಹಾರುತ್ತಾರೆ. ದೇವರ ಮುಂದೆ ಹೇಳದ ದೂರು ಒಳಗೇ ಹುಳಿತು ಕಹಿಯಾಗುತ್ತದೆ. ಮೂರನೆಯ ಭಾಗ ಬರೆಯಲು ಆಗದಿದ್ದರೆ ಕೀರ್ತನೆ 88 ಓದಿ, ಅದು ಕತ್ತಲಲ್ಲೇ ಮುಗಿಯುತ್ತದೆ. ಅದೂ ದೇವರ ವಾಕ್ಯವೇ.

ಕೊನೆಗೆ ಉತ್ತರ "ಇಲ್ಲ" ಎಂದೇ ಬರಬಹುದು. ಪೌಲನು ಶರೀರದಲ್ಲಿ ನಾಟಿದ್ದ ಶೂಲಕ್ಕಾಗಿ ಮೂರು ಸಾರಿ ಬೇಡಿಕೊಂಡ. ಶೂಲ ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಅವನು ಸುವಾರ್ತೆ ಸಾರುವುದನ್ನು ನಿಲ್ಲಿಸಲಿಲ್ಲ.

ಕಾಯುತ್ತಿರುವವರ ಸುತ್ತ ಇರುವವರಿಗೂ ಒಂದು ಮಾತು. ಆರಾಧನೆ ಮುಗಿಸಿ ಹೊರಬರುವ ಸಹೋದರಿಗೆ "ದೇವರ ಸಮಯ ಇನ್ನೂ ಬಂದಿಲ್ಲಮ್ಮ" ಎನ್ನಬೇಡಿ. ದೇವರ ಕ್ಯಾಲೆಂಡರ್ ನಮ್ಮ ಯಾರ ಕೈಯಲ್ಲೂ ಇಲ್ಲ. ಸ್ಕ್ಯಾನಿಂಗ್ ಯಾವತ್ತಿದೆ ಎಂದು ಕೇಳಿ, ಅವರಿಗೆ ಒಪ್ಪಿಗೆಯಾದರೆ ಆ ದಿನ ಜೊತೆಗೆ ಹೋಗಿ.