ಗಾನಮೇಳದ ವೇದಿಕೆಗೆ ಬೇಸ್: ಕ್ಲಿಪ್ ಟ್ಯೂನರ್ ಆರಿಸುವಾಗ

ಕ್ಲಿಪ್ ಟ್ಯೂನರ್ (ವಾದ್ಯದ ಕೀಗಳಿರುವ ತುದಿಗೆ, ಅಂದರೆ ಹೆಡ್‌ಸ್ಟಾಕ್‌ಗೆ, ಸಿಕ್ಕಿಸಿ ಶ್ರುತಿ ನೋಡುವ ಸಾಧನ) ಕೊಳ್ಳುವವರು ಮೊದಲು ನೋಡುವುದು ಪೆಟ್ಟಿಗೆಯ ಮೇಲಿನ ನಿಖರತೆಯ ಅಂಕಿ. ಬೇಸ್ ಗಿಟಾರ್ ನುಡಿಸುವವರು ಅದನ್ನು ಕೊನೆಗೆ ನೋಡಿದರೆ ಸಾಕು. ಪೀಟರ್‌ಸನ್ ಸ್ಟ್ರೋಬೋಕ್ಲಿಪ್ ಎಚ್‌ಡಿ ±0.1 ಸೆಂಟ್ ಎನ್ನುತ್ತದೆ, ಟಿಸಿ ಎಲೆಕ್ಟ್ರಾನಿಕ್‌ನ ಪಾಲಿಟ್ಯೂನ್ ಕ್ಲಿಪ್ ಸ್ಟ್ರೋಬ್ ಮೋಡ್‌ನಲ್ಲಿ ±0.02 ಎನ್ನುತ್ತದೆ. ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಪಾಲು. ದಪ್ಪ ಇ ತಂತಿಯ 41.2 ಹರ್ಟ್ಸ್‌ನಲ್ಲಿ ಅದು ಬರೇ 0.024 ಹರ್ಟ್ಸ್. ಸ್ವಲ್ಪ ಜೋರಾಗಿ ಮೀಟಿದರೂ ತಂತಿಯ ಶ್ರುತಿ ಅದಕ್ಕಿಂತ ಹೆಚ್ಚು ಏರಿ ಇಳಿಯುತ್ತದೆ. ±1 ಸೆಂಟ್ ಧಾರಾಳ ಆಯಿತು. ಕೇಳಬೇಕಾದ್ದು ಬೇರೆ: ವೇದಿಕೆಯ ಹಲಗೆ ನಡುಗುತ್ತಿರುವಾಗ ಈ ಟ್ಯೂನರ್ ಇ ತಂತಿಯನ್ನು ಇ ಎಂದೇ ಓದುತ್ತದೆಯೇ?

ಕುಂಬಳೆ, ಉಪ್ಪಳ, ಬದಿಯಡ್ಕದ ಕಡೆ ಜಾತ್ರೆಗೋ ಓಣಂಗೋ ಗಾನಮೇಳ ಅಂದರೆ ಹೆಚ್ಚಾಗಿ ಕಬ್ಬಿಣದ ಚೌಕಟ್ಟಿನ ಮೇಲೆ ಪ್ಲೈವುಡ್ ಹಾಸಿದ ಟೊಳ್ಳು ವೇದಿಕೆ, ಅದರ ಬುಡದಲ್ಲೇ ದಪ್ಪ ಸದ್ದಿನ ಸಬ್ ಸ್ಪೀಕರ್. ಕ್ಲಿಪ್ ಟ್ಯೂನರ್‌ಗೆ ಕಿವಿ ಇಲ್ಲ. ಅದರೊಳಗಿನ ಪೀಜೋ ಚೂರು (ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ತುಣುಕು) ಹೆಡ್‌ಸ್ಟಾಕ್‌ನ ಕಂಪನವನ್ನಷ್ಟೇ ಗ್ರಹಿಸುತ್ತದೆ. ಹಾಗಾಗಿ ಜನರ ಗಲಾಟೆ, ಹಾಡುಗಾರರ ಮೈಕ್ ಟೆಸ್ಟಿಂಗ್ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಕೀಬೋರ್ಡಿನವರು ಕೆಳಗಿನ ಡಿ ಹಿಡಿದು ಕೂತರೆ ಸಬ್‌ನಿಂದ ಹೊರಟ ಕಂಪನ ಹಲಗೆ, ಕಾಲು, ಮೈ ದಾಟಿ ಬೇಸಿನ ಕತ್ತಿಗೆ ಬರುತ್ತದೆ. ಪರೀಕ್ಷೆ ಸುಲಭ. ಅಂಗೈಯಿಂದ ಎಲ್ಲ ತಂತಿಗಳನ್ನೂ ಮುಚ್ಚಿ ಹಿಡಿದು ಪರದೆ ನೋಡಿ. ಏನನ್ನೂ ಮೀಟದೆಯೇ ಅಕ್ಷರ ಮೂಡಿದರೆ ಅದು ವೇದಿಕೆಯ ಸ್ವರ, ನಿಮ್ಮದಲ್ಲ. ಸಬ್‌ನಿಂದ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ, ಇಲ್ಲವೇ ಹಾಡು ಮುಗಿಯುವ ತನಕ ಕಾಯಿರಿ.

ಇನ್ನೊಂದು ತೊಂದರೆ ತಂತಿಯದ್ದೇ. ದಪ್ಪ ತಂತಿಯ ಮೂಲ ಸ್ವರ ಹೆಡ್‌ಸ್ಟಾಕ್ ತಲುಪುವಾಗ ದುರ್ಬಲ, ಮೇಲಿನ ಹಾರ್ಮೋನಿಕ್‌ಗಳೇ ಜೋರು. ಹಾರ್ಮೋನಿಕ್ ಅಂದರೆ ಮೂಲ ಸ್ವರದ ಎರಡು, ಮೂರು ಪಟ್ಟು ವೇಗದಲ್ಲಿ ಜೊತೆಗೇ ಮೂಡುವ ಉಪಸ್ವರ. ಎರಡನೆಯದು ಒಂದು ಸ್ಥಾಯಿ ಮೇಲಿನ ಅದೇ ಸ್ವರ, ಅದರಿಂದ ತೊಂದರೆಯಿಲ್ಲ. ಮೂರನೆಯದು ಪಂಚಮ. ಇ ಮೀಟಿದರೆ ಪರದೆಯಲ್ಲಿ ಬಿ, ಐದು ತಂತಿಯ ಬೇಸಿನ ಬಿ ಮೀಟಿದರೆ ಎಫ್ ಶಾರ್ಪ್ ಕಾಣುವುದು ಈ ಕಾರಣಕ್ಕೆ. ಅಕ್ಷರ ಬೇರೆ ಬಂತೆಂದು ಕೀ ತಿರುಗಿಸಲು ಹೋದವರ ತಂತಿ ಸಡಿಲವಾಗಿ ಫ್ರೆಟ್‌ಗೆ (ಕತ್ತಿನ ಮೇಲಿನ ಲೋಹದ ಪಟ್ಟಿಗೆ) ಬಡಿಯುತ್ತದೆ, ಇಲ್ಲ ಬಿಗಿಯಾಗಿ ತುಂಡಾಗುವ ಹಂತಕ್ಕೆ ಬರುತ್ತದೆ. ಬೇಸ್ ತಂತಿಗಳ ಸ್ವರಗಳನ್ನಷ್ಟೇ ಹುಡುಕುವ ಬೇಸ್ ಮೋಡ್ ಇರುವ ಟ್ಯೂನರ್‌ಗೆ ನಾಲ್ಕು ಕಾಸು ಹೆಚ್ಚು ಕೊಡಬಹುದು ಎನ್ನುವುದು ಇದಕ್ಕೇ. ಅರ್ಧ ಸ್ವರ ಇಳಿಸಿ ನುಡಿಸುವ ತಂಡವಾದರೆ ಹನ್ನೆರಡು ಸ್ವರಗಳನ್ನೂ ತೋರಿಸುವ ಕ್ರೋಮ್ಯಾಟಿಕ್ ಮೋಡ್ ಕೂಡ ಬೇಕು.

ಅಂಗಡಿಗೆ ಹೋಗುವಾಗ ನಿಮ್ಮದೇ ಬೇಸ್ ಒಯ್ಯಿರಿ. ಮಂಗಳೂರಿನ ಅಂಗಡಿಯವರು ತೋರಿಸುವ ಅಕೂಸ್ಟಿಕ್ ಗಿಟಾರಿನಲ್ಲಿ ಎಲ್ಲ ಟ್ಯೂನರ್‌ಗಳೂ ಚಂದವೇ. ಇ ತಂತಿಯನ್ನು ಮೆಲ್ಲಗೆ ಮೀಟಿ. ಒಂದು ಸೆಕೆಂಡಿನೊಳಗೆ ಅಕ್ಷರ ಹಿಡಿದು, ಮೂರು ಸೆಕೆಂಡ್ ಅಲುಗದೆ ನಿಲ್ಲಬೇಕು. ಆಮೇಲೆ ಪಕ್ಕದಲ್ಲಿ ಕೀಬೋರ್ಡನ್ನು ಆಂಪ್‌ಗೆ ಹಾಕಿ ಜೋರಾಗಿ ನುಡಿಸಲು ಹೇಳಿ ಮತ್ತೊಮ್ಮೆ ನೋಡಿ. ಕ್ಲಿಪ್‌ನ ಸ್ಪ್ರಿಂಗ್ ಗಟ್ಟಿ ಇರಲಿ, ಸಡಿಲ ಹಿಡಿತದಲ್ಲಿ ಕೆಳಗಿನ ಕಂಪನವೇ ಮೊದಲು ಸೋರಿಹೋಗುತ್ತದೆ. ಗಿಟಾರಿಗಿಂತ ಬೇಸಿನ ಕತ್ತು ಉದ್ದ, 34 ಇಂಚು ಸ್ಕೇಲ್ (ಮೀಟುವ ತಂತಿಯ ಉದ್ದ) ಅಂದರೆ ಪರದೆ ಕಣ್ಣಿನಿಂದ ಒಂದು ತೋಳಿನಷ್ಟು ದೂರ. ಹಾಗಾಗಿ ಅಕ್ಷರ ದೊಡ್ಡದಿರಬೇಕು, ಪರದೆ ಎಲ್ಲ ಕಡೆಗೂ ತಿರುಗಬೇಕು. ಹಗಲು ಶಾಲಾ ವಾರ್ಷಿಕೋತ್ಸವದ ಬಿಸಿಲಿಗೆ ಮಂಕು ಎಲ್‌ಇಡಿ ಕಾಣದು, ರಾತ್ರಿ ಬ್ಯಾಕ್‌ಲೈಟ್ ಇಲ್ಲದ ಎಲ್‌ಸಿಡಿ ಕಾಣದು.

ಬಳಸುವ ಕ್ರಮಕ್ಕೂ ಬೆಲೆಯಷ್ಟೇ ತೂಕವಿದೆ. ವಾಲ್ಯೂಮ್ ಸೊನ್ನೆಗೆ ಇಳಿಸಿ. ಕಾಲಿನಿಂದ ಒತ್ತುವ ಟ್ಯೂನರ್ ಪೆಡಲ್ ಇಲ್ಲದೆಯೂ ಸದ್ದಿಲ್ಲದೆ ಟ್ಯೂನ್ ಮಾಡಬಹುದು ಎನ್ನುವುದೇ ಕ್ಲಿಪ್‌ನ ದೊಡ್ಡ ಲಾಭ. ಹೆಬ್ಬೆರಳಿನ ಮಾಂಸಲ ಭಾಗದಿಂದ, ಕತ್ತು ಬೇಸಿನ ಮೈಗೆ ಸೇರುವ ಜಾಗದ ಹತ್ತಿರ ಮೀಟಿ, ಉಳಿದ ತಂತಿಗಳನ್ನು ಮುಟ್ಟಿ ಹಿಡಿಯಿರಿ. ಮೀಟಿದ ಕ್ಷಣದ ಅಂಕಿ ಯಾವಾಗಲೂ ಮೇಲಿರುತ್ತದೆ, ಅರ್ಧ ಸೆಕೆಂಡ್ ಬಿಟ್ಟು ಓದಿ. ಮುಳ್ಳು ಕುಣಿಯುತ್ತಲೇ ಇದ್ದರೆ 12ನೇ ಫ್ರೆಟ್‌ನ ಸರಿಯಾಗಿ ಮೇಲೆ ಬೆರಳು ತಾಗಿಸಿ ಹಾರ್ಮೋನಿಕ್ ಎಬ್ಬಿಸಿ. ಇ 82.4 ಹರ್ಟ್ಸ್ ಆಗುತ್ತದೆ, ಬಿ 30.9ರಿಂದ 61.7ಕ್ಕೆ ಏರುತ್ತದೆ, ಟ್ಯೂನರ್‌ಗೆ ಕೆಲಸ ಹಗುರ. ಫ್ರೆಟ್ ಒತ್ತಿ ಹಿಡಿಯಬೇಡಿ, ಹಾಗೆ ಮಾಡಿದರೆ ಇಂಟೊನೇಷನ್‌ನ ದೋಷವೂ (ಫ್ರೆಟ್ ಒತ್ತಿದಾಗ ಸ್ವರ ತುಸು ತಪ್ಪುವುದು) ಸೇರಿಕೊಳ್ಳುತ್ತದೆ. ಸ್ವರ ಮೇಲೆ ಹೋದರೆ ಕೆಳಗಿಳಿಸಿ ನಿಲ್ಲಿಸಬಾರದು. ಇನ್ನೂ ಕೆಳಗೆ ಇಳಿಸಿ, ಕೆಳಗಿನಿಂದಲೇ ಏರಿಸಿ ನಿಲ್ಲಿಸಿ, ಇಲ್ಲವಾದರೆ ಗಿಯರಿನ ಸಡಿಲು ಎರಡನೇ ಹಾಡಿಗೆ ತಂತಿಯನ್ನು ಇಳಿಸುತ್ತದೆ. ಕೀ ತಿರುಗಿಸುವಾಗ ಟಿಕ್ ಎಂದು ಸ್ವರ ಹಾರಿದರೆ ತಂತಿ ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಯ) ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಪೆನ್ಸಿಲ್ ಸೀಸ ಉಜ್ಜಿದರೆ ಸಾಕು.

ಭಜನಾ ಮಂಡಳಿಗೆ ಬೇಸ್ ನುಡಿಸುವವರು ಎ ಸ್ವರ ಎಷ್ಟು ಹರ್ಟ್ಸ್ ಎಂದು ಹೊಂದಿಸುವ ಮಾಪನದ ಗುಂಡಿಯನ್ನು ಕಲಿತಿರಲೇಬೇಕು. ಕೀಬೋರ್ಡ್ ಸಾಮಾನ್ಯವಾಗಿ ಎ = 440ರಲ್ಲಿರುತ್ತದೆ, ಹಾರ್ಮೋನಿಯಂ ತನ್ನ ರೀಡು ಹೇಳಿದಂತೆ. ಅದನ್ನು ಅಲ್ಲೇ ಸರಿಮಾಡಲಾಗದು, ಬೇಸೇ ಬಗ್ಗಬೇಕು. ಮೈಕ್ ಕೂಡ ಇರುವ ಟ್ಯೂನರಾದರೆ ಮೈಕ್ ಮೋಡ್‌ಗೆ ಹಾಕಿ, ಹಾರ್ಮೋನಿಯಂನಲ್ಲಿ ಒಂದೇ ಸಾಲಿನ ರೀಡು ಮಾತ್ರ ತೆರೆದು ತಿದಿಯನ್ನು ಸಮನಾಗಿ ಒತ್ತುತ್ತಾ ಎ ಹಿಡಿಯಲು ಹೇಳಿ. ಮುಳ್ಳು ನಡುವೆ ನಿಲ್ಲುವವರೆಗೆ 440ನ್ನು ಏರಿಸಿ ಅಥವಾ ಇಳಿಸಿ. ಕಾರ್ಯಕ್ರಮ ಮುಗಿದ ಕೂಡಲೇ 440ಕ್ಕೆ ತನ್ನಿ. ಚೀಲದಲ್ಲಿ ಗುಂಡಿ ಒತ್ತಿಹೋಗಿ 442 ಆಗಿದ್ದರೂ ಪರದೆ ಹಸಿರೇ ತೋರಿಸುತ್ತದೆ, ಆದರೆ ಇಡೀ ಬೇಸ್ ಸುಮಾರು 8 ಸೆಂಟ್ ಮೇಲಿರುತ್ತದೆ. ಎಲ್ಲ ತಂತಿಗಳೂ ಸಮನಾಗಿ ಅಪಶ್ರುತಿಯಾದರೆ ಮೊದಲ ಅನುಮಾನ ಇದರ ಮೇಲೆಯೇ.

ಐದು ತಂತಿಯ ಬೇಸಿಗೆ, ಸಬ್ ಕಾಲಬುಡದಲ್ಲೇ ಇರುವ ವೇದಿಕೆಗೆ, ನಮ್ಮ ಮತ ಪೆಡಲ್‌ಗೆ. ಬಾಸ್ ಕಂಪನಿಯ ಟಿಯು-3ರಂಥದ್ದು ಪಿಕಪ್‌ನಿಂದ (ತಂತಿಯ ಕೆಳಗಿನ ಅಯಸ್ಕಾಂತದ ಗ್ರಾಹಕದಿಂದ) ಬರುವ ಸಿಗ್ನಲನ್ನೇ ಓದುತ್ತದೆ, ಹಲಗೆಯ ನಡುಕ ಅದನ್ನು ಅಷ್ಟಾಗಿ ಕೆಡಿಸದು. ಆಗಲೂ ಕ್ಲಿಪ್ ಚೀಲದಲ್ಲಿರಲಿ. ಅಡಾಪ್ಟರ್ ಕೈಕೊಟ್ಟ ದಿನ ಬೇಕಾಗುತ್ತದೆ.

ಹಲವು ಕ್ಲಿಪ್ ಟ್ಯೂನರ್‌ಗಳಿಗೆ ಸಿಆರ್2032 ಸೆಲ್. ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುತ್ತದೆ, ಸಿಆರ್2025 ಕೊಟ್ಟರೆ ಬೇಡ ಎನ್ನಿ, ಅದು 0.7 ಮಿ.ಮೀ. ತೆಳು, ಕುಣಿದಾಡಿದರೆ ಸಂಪರ್ಕ ತಪ್ಪುತ್ತದೆ. ನೈಟ್ರೋ ಲ್ಯಾಕರ್ ಎಂಬ ಮೆದು ವಾರ್ನಿಷ್ ಬಳಿದ ಹಳೆಯ ಬೇಸಾದರೆ ಕ್ಲಿಪ್ಪನ್ನು ರಾತ್ರಿಯಿಡೀ ಬಿಡಬೇಡಿ, ರಬ್ಬರ್ ಮುಟ್ಟಿದ ಜಾಗದಲ್ಲಿ ಕಲೆ ಉಳಿಯುತ್ತದೆ. ಮಳೆಗಾಲದ ಆಟಿ ತಿಂಗಳಲ್ಲಿ ಹೇಗೂ ಕಾರ್ಯಕ್ರಮ ಕಡಿಮೆ, ಸೆಲ್ ತೆಗೆದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬದಲ್ಲಿಡಿ.