ಐವತ್ತಕ್ಕೆ ಒಂದು ಏರು

ಒಂಬತ್ತನೇ ಸಲವೂ ನನ್ನ ಪುಟ್ಟ ಮಾದರಿ ರೈಲಿನ ಇಂಜಿನ್ ಅದೇ ಜಾಗದಲ್ಲಿ ಹಳಿ ತಪ್ಪಿತು. ಏರು ಶುರುವಾಗಿ ಎರಡೂವರೆ ಅಡಿ, ತಿರುವಿನ ನಡುವೆ. ಇಂಜಿನ್ ಅಡಿಯ ಮುಂದಿನ ಬೋಗಿಯ, ಅಂದರೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟಿನ, ಮೊದಲ ಚಕ್ರ ಹೊರಗಿನ ಹಳಿಯ ತಲೆ ಮೇಲೆ ಹತ್ತುತ್ತದೆ, ಒಂದಿಂಚು ಹಾಗೇ ಹೋಗುತ್ತದೆ, ಆಮೇಲೆ ಟಕ್ ಅಂತ ಹಳಿ ಕೆಳಗಿನ ಅಡ್ಡಪಟ್ಟಿ, ಅಂದರೆ ಸ್ಲೀಪರ್ ಮೇಲೆ ಬೀಳುತ್ತದೆ. ಹಿಂದಿನ ವ್ಯಾಗನ್‌ಗಳು ಒಂದಕ್ಕೊಂದು ಒತ್ತಿಕೊಂಡು ನಿಲ್ಲುತ್ತವೆ. ಹೊರಗೆ ಆಷಾಢದ ಮಳೆ. ಹಾಸನದ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು, ಹದಿನಾರು ಅಡಿ ಉದ್ದದ ಮೇಜು, ಮತ್ತು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಸುಮ್ನೆ ನೋಡುತ್ತಿದ್ದ ನಮ್ಮ ಮಾವ.

ಮಾವ ಅಂದರೆ ಅಮ್ಮನ ಅಣ್ಣ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿ ಸೇರಿ, ಕೀಮ್ಯಾನ್ ಆಗಿ, ಕೊನೆಗೆ ಆ ಗ್ಯಾಂಗಿನ ಮುಖ್ಯಸ್ಥ, ಅಂದರೆ ಮೇಟ್ ಆಗಿ ನಿವೃತ್ತರಾದವರು. ಕೆಲಸದ ಹೆಚ್ಚು ವರ್ಷ ಕಳೆದದ್ದು ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯಲ್ಲಿ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ದಾರಿ ಅದು. ಆಮೇಲೆ ಬ್ರಾಡ್ ಗೇಜ್ ಆಯಿತು. 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಮತ್ತೆ ಬಂತು. ಸುಮಾರು 55 ಕಿ.ಮೀ., 57 ಸುರಂಗ. ಏರು ಐವತ್ತಕ್ಕೆ ಒಂದು: ಐವತ್ತು ಅಡಿ ಮುಂದೆ ಹೋದರೆ ಒಂದಡಿ ಮೇಲೆ. ಚಿಕ್ಕಂದಿನಲ್ಲಿ ರಜೆಗೆ ಮಾವನ ಕ್ವಾರ್ಟರ್ಸ್‌ಗೆ ಹೋದಾಗ ಕೇಳಿದ ಇಂಜಿನ್ ಸದ್ದು ಇನ್ನೂ ಕಿವಿಯಲ್ಲಿದೆ. ಮುಂದೆ ಇಂಜಿನ್, ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್, ನಡುವೆ ಗೂಡ್ಸ್ ಗಾಡಿ. ಕಾಣುವುದಕ್ಕಿಂತ ಎಷ್ಟೋ ಹೊತ್ತು ಮುಂಚೆ ಅದು ಬರುತ್ತಿರುವುದು ಗೊತ್ತಾಗುತ್ತಿತ್ತು.

ಪುಣೆಯ ಜೋಶಿ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬಂದ ದಿನವೇ ನನಗೆ ಆಸೆ ಹುಟ್ಟಿತ್ತು. ನಾನು ಮಾಡಿದರೆ ಘಾಟಿಯನ್ನೇ ಮಾಡಬೇಕು ಅಂತ. ಎಚ್‌ಒ ಅಳತೆ ಆರಿಸಿಕೊಂಡೆ. ಅದರಲ್ಲಿ ನಿಜವಾದದ್ದರ 87ನೇ ಒಂದು ಭಾಗ. ಆ ಲೆಕ್ಕದಲ್ಲಿ ಘಾಟಿ ದಾರಿ ಪೂರ್ತಿ ಮಾಡಿದರೂ 630 ಮೀಟರ್ ಬೇಕು. ನನ್ನ ಹತ್ತಿರ ಇದ್ದದ್ದು ಎಂಟಕ್ಕೆ ನಾಲ್ಕು ಅಡಿಯ ಎರಡು ಪ್ಲೈವುಡ್ ಹಲಗೆ. ಅವನ್ನೇ ಉದ್ದಕ್ಕೆ ಜೋಡಿಸಿದೆ. 57 ಸುರಂಗದ ಬದಲು ಎರಡು. ಊರು, ಸ್ಟೇಷನ್, ಸೇತುವೆ ಎಲ್ಲವನ್ನೂ ಕಿರಿದು ಮಾಡಬಹುದು, ಬಿಡಬಹುದು. ಏರನ್ನು ಮಾತ್ರ 87ರಿಂದ ಭಾಗಿಸಲು ಬರುವುದಿಲ್ಲ. ಐವತ್ತಕ್ಕೆ ಒಂದು ಅಂದರೆ ಘಾಟಿ ನಡುವಿನ ಎಡಕುಮೇರಿಯಲ್ಲೂ ಅಷ್ಟೇ, ನನ್ನ ಮೇಜಿನ ಮೇಲೂ ಅಷ್ಟೇ. ಅದಕ್ಕೇ ಅದೊಂದನ್ನು ಸರಿಯಾಗಿ ಮಾಡಲೇಬೇಕು ಅಂತ ಹಟ ಹಿಡಿದೆ.

ದಾರಿ ಸಿಕ್ಕಿದ್ದು ಪ್ಲೈವುಡ್ ಅಂಗಡಿಯಲ್ಲಿ. 6 ಮಿ.ಮೀ. ಪ್ಲೈ, 12, 18 ಅಂತ ಮಾರುತ್ತಾರಲ್ವಾ? ಒಂದಡಿ ಅಂದರೆ 305 ಮಿ.ಮೀ. ಅದಕ್ಕೆ 6 ಮಿ.ಮೀ. ಏರಿದರೆ ಹೆಚ್ಚು ಕಡಿಮೆ ಐವತ್ತಕ್ಕೆ ಒಂದೇ! ಅಂಗಡಿಯವರು ಮೂಲೆಗೆ ಹಾಕಿದ್ದ ತುಂಡುಗಳನ್ನು ತಂದೆ. ಮೊದಲ ಅಡಿಗೆ 6ರ ತುಂಡು, ಎರಡನೆಯದಕ್ಕೆ 12, ಮೂರನೆಯದಕ್ಕೆ 18, ಆಮೇಲೆ ಒಂದರ ಮೇಲೊಂದು. ಹದಿನೈದು ಅಡಿಗೆ 9 ಸೆಂ.ಮೀ. ಎತ್ತರ. ಕೆಳಗೆ ಇನ್ನೊಂದು ಗಾಡಿ ಹೋಗಲು ಅಷ್ಟು ಸಾಕು. ಆ ಕಂಬಗಳ ಮೇಲೆ 6 ಮಿ.ಮೀ. ಪ್ಲೈಯ ಉದ್ದನೆಯ ಪಟ್ಟಿ, ಅದರ ಮೇಲೆ ಹಳಿ.

ಬೆಸುಗೆ ಕಲಿಯಲು ತುಂಬ ದಿನ ಹಿಡಿಯಿತು. ಕರೆಂಟ್ ಹರಿಯುವುದು ಹಳಿಯಲ್ಲೇ. ಕಂಟ್ರೋಲರ್ ಹತ್ತಿರ 12 ವೋಲ್ಟ್ ಇದ್ದದ್ದು ದೂರದ ತಿರುವಿನಲ್ಲಿ 9ಕ್ಕೆ ಇಳಿಯುತ್ತಿತ್ತು. ಹಳಿ ತುಂಡುಗಳನ್ನು ಜೋಡಿಸುವ ಜಾಯಿನರ್‌ಗಳನ್ನು ನಂಬಿ ಕೂತರೆ ಆಗುವುದಿಲ್ಲ. ಮೂರಡಿಗೊಂದು ಕಡೆ ಹಳಿಗೆ ವೈರ್ ಬೆಸೆಯಬೇಕು, ಕೆಂಪು ಒಂದು, ಕಪ್ಪು ಒಂದು. ಬಿಸಿ ತಾಗಿದರೆ ಪ್ಲಾಸ್ಟಿಕ್ ಸ್ಲೀಪರ್ ಬೆಣ್ಣೆ ಹಾಗೆ ಕರಗುತ್ತದೆ. ಬೆಸೆಯುವ ಜಾಗದ ಎರಡೂ ಕಡೆ ಒದ್ದೆ ಹತ್ತಿ ಇಟ್ಟರೆ ಸ್ಲೀಪರ್ ಉಳಿಯುತ್ತದೆ.

ಜಲ್ಲಿಯದೇ ಒಂದು ಕಥೆ. ನಿಜವಾದ ರೈಲು ಜಲ್ಲಿ 50 ಮಿ.ಮೀ. ಅಂದುಕೊಂಡರೆ ನಮ್ಮ ಅಳತೆಗೆ ಅರ್ಧ ಮಿ.ಮೀ.ಗಿಂತ ಚೂರು ಜಾಸ್ತಿ. ಅಂದರೆ ಉಪ್ಪಿಟ್ಟಿನ ರವೆ! ಎಂ-ಸ್ಯಾಂಡ್ ತಂದು, ತೊಳೆದು, ಒಣಗಿಸಿ ರವೆ ಜರಡಿಯಲ್ಲಿ ಜರಡಿ ಹಿಡಿದೆ. ಆಮೇಲೆ ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಅದರೊಳಗೆ ಆಡಿಸಿದೆ. ಕವರಿನ ಹೊರಗೆ ಕಪ್ಪು ಮೀಸೆಯ ಹಾಗೆ ಪುಡಿ ಮೆತ್ತಿಕೊಂಡು ಬಂತು. ಕಲ್ಲಿನೊಳಗಿನ ಕಬ್ಬಿಣದ ಅಂಶ ಅದು. ಹಾಗೇ ಬಿಟ್ಟಿದ್ದರೆ ಇಂಜಿನ್ನಿನ ಮೋಟಾರಿನ ಅಯಸ್ಕಾಂತ ಅದನ್ನೆಲ್ಲ ಒಳಗೆಳೆದುಕೊಳ್ಳುತ್ತಿತ್ತು. ಪುಡಿ ಬರುವುದು ನಿಲ್ಲುವವರೆಗೆ, ಹನ್ನೊಂದು ಸಲ ಆಡಿಸಿದೆ. ಆಮೇಲೆ ಹಳಿ ನಡುವೆ ಸುರಿದು, ಬ್ರಷ್‌ನಲ್ಲಿ ಸರಿಮಾಡಿ, ನೀರು ಬೆರೆಸಿದ ಗೋಂದಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಡ್ರಾಪರ್‌ನಲ್ಲಿ ಬಿಟ್ಟೆ. ಆ ಒಂದು ಹನಿ ಇಲ್ಲದಿದ್ದರೆ ಗೋಂದು ಮಣಿಯ ಹಾಗೆ ಮೇಲೇ ನಿಲ್ಲುತ್ತದೆ, ಕೆಳಗೆ ಇಳಿಯುವುದಿಲ್ಲ.

ಏಪ್ರಿಲ್‌ನಲ್ಲಿ ಮೊದಲ ಸಲ ಗಾಡಿ ಬಿಟ್ಟಾಗ ಎಲ್ಲ ಚೆನ್ನಾಗಿತ್ತು. ಸಮ ದಾರಿಯಲ್ಲಿ ಹದಿನಾಲ್ಕು ವ್ಯಾಗನ್ ಎಳೆದ ಇಂಜಿನ್ ಏರಿನಲ್ಲಿ ಆರೇ ಎಳೆಯಿತು. ನನಗೆ ಅದೇ ಖುಷಿ. ಐವತ್ತಕ್ಕೆ ಒಂದರ ಏರಿನಲ್ಲಿ ಸಾವಿರ ಟನ್ನಿನ ಗಾಡಿಯನ್ನು ಇಳಿಜಾರು ಇಪ್ಪತ್ತು ಟನ್ನಿನಷ್ಟು ಹಿಂದಕ್ಕೆ ಎಳೆಯುತ್ತದೆ. ನಿಜವಾದ ಘಾಟಿ ಮಾಡುವುದನ್ನೇ ನನ್ನ ಪ್ಲೈ ತುಂಡುಗಳೂ ಮಾಡುತ್ತಿದ್ದವು.

ಮಳೆ ಶುರುವಾದ ಮೇಲೆ ಈ ಕಾಟ ಬಂತು. ನಾಲ್ಕು ಚಕ್ರದ ಸಣ್ಣ ಇಂಜಿನ್ ಆರಾಮಾಗಿ ಹತ್ತುತ್ತದೆ. ವ್ಯಾಗನ್‌ಗಳನ್ನು ಕೈಯಲ್ಲಿ ತಳ್ಳಿದರೂ ಹೋಗುತ್ತವೆ. ಬೋಗಿಗೆ ಮೂರು ಅಚ್ಚು ಇರುವ ದೊಡ್ಡ ಇಂಜಿನ್ ಮಾತ್ರ ಬೀಳುತ್ತದೆ. ಅದು ಅಮೆರಿಕದ ಮಾದರಿ. ನಮ್ಮ ಗೂಡ್ಸ್ ಗಾಡಿಗಳ ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ ಅಮೆರಿಕದ ಇಎಂಡಿ ಕಂಪನಿಯ ವಿನ್ಯಾಸದ್ದೇ ಆದ್ದರಿಂದ ಬಣ್ಣ ಬದಲಿಸಿ ಇಟ್ಟುಕೊಂಡಿದ್ದೆ. ಚಕ್ರಗಳ ನಡುವಿನ ಅಂತರ ಅಳೆದೆ. ಸರಿ ಇತ್ತು. ಹಳಿಯ ಮೇಲೆ ಪುಟ್ಟ ರಸಮಟ್ಟ ಇಟ್ಟೆ. ಗುಳ್ಳೆ ನಡುವೆಯೇ ನಿಂತಿತ್ತು.

ಮಾವ ಎದ್ದು ಬಂದರು. ಮೊದಲು ನೋಡಿದ್ದು ಇಂಜಿನ್‌ನ ಮೂತಿ ಮತ್ತು ಹಳಿ.

"ಇದು ಬ್ರಾಡ್ ಗೇಜ್ ಅಲ್ವಲ್ಲೋ. ಹಳಿ ಹತ್ತಿರ ಆಯ್ತು."

ನನಗೆ ಮೈ ಜುಮ್ಮೆಂದಿತು. ಎಚ್‌ಒದಲ್ಲಿ ಎರಡು ಹಳಿಗಳ ನಡುವಿನ ಅಂತರ, ಅಂದರೆ ಗೇಜ್, 16.5 ಮಿ.ಮೀ. 87ರಿಂದ ಗುಣಿಸಿದರೆ 1435, ಅಂದರೆ ನಮ್ಮ ಮೆಟ್ರೋ ಓಡುವ ಸ್ಟ್ಯಾಂಡರ್ಡ್ ಗೇಜ್. ನಮ್ಮ ಬ್ರಾಡ್ ಗೇಜ್ 1676. ಸರಿಯಾಗಿ ಮಾಡಬೇಕಿದ್ದರೆ ಆ ಅಂತರ 19 ಮಿ.ಮೀ.ಗಿಂತ ಹೆಚ್ಚು ಇರಬೇಕಿತ್ತು. ಮೂರು ಮಿ.ಮೀ. ಕಡಿಮೆ ಇರುವುದನ್ನು ಅವರು ಬರೀ ಕಣ್ಣಲ್ಲಿ ಹಿಡಿದಿದ್ದರು.

ಆಮೇಲೆ ಮೇಜಿನ ತುದಿಗೆ ಹೋಗಿ, ಮಂಡಿ ಊರಿ, ಕೆನ್ನೆಯನ್ನು ಹಳಿಗೆ ತಾಗುವಷ್ಟು ಹತ್ತಿರ ತಂದು ಒಂದು ಕಣ್ಣು ಮುಚ್ಚಿದರು. "ಗಾಡಿ ಬಿಡು. ಮೆಲ್ಲಗೆ."

ಬಿಟ್ಟೆ. ಬಿತ್ತು.

"ಇನ್ನೊಂದ್ಸಲ."

ಮತ್ತೆ ಬಿತ್ತು. ಮಾವ ಎದ್ದು ಬಂದು ಹೊರಗಿನ ಹಳಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು. "ನೋಡಿಲ್ಲಿ. ಕೂರುತ್ತೆ. ಪ್ಯಾಕಿಂಗ್ ಇಲ್ಲ ಕೆಳಗೆ."

ನಾನೂ ಬಗ್ಗಿ ನೋಡಿದೆ. ಬೆರಳು ಒತ್ತಿದಾಗ ಹಳಿ ಕೂದಲೆಳೆಯಷ್ಟು ಇಳಿಯಿತು. ತೆಗೆದಾಗ ಮೇಲೆ ಬಂತು.

"ಮಾವ, ಲೆವೆಲ್ ಇಟ್ಟು ನೋಡಿದ್ದೆ. ಸರಿ ಇತ್ತು."

"ಖಾಲಿ ಹಳಿ ಯಾವಾಗ್ಲೂ ಸರಿಯಾಗೇ ಕಾಣುತ್ತೆ ಕಣಪ್ಪಾ. ಗಾಡಿ ಹೋಗೋವಾಗ ಹಳಿ ನೋಡ್ಬೇಕು. ಎಲ್ಲರೂ ಗಾಡಿ ನೋಡ್ತಾರೆ."

ಒಂಬತ್ತು ಸಲವೂ ನಾನು ಚಕ್ರವನ್ನೇ ನೋಡುತ್ತಿದ್ದೆ. ಕೆಳಗೆ ಟಾರ್ಚ್ ಬಿಟ್ಟಾಗ ಗೊತ್ತಾಯಿತು. ಮೂರನೇ ಕಂಬಕ್ಕೆ ನಾನು ಹಚ್ಚಿದ್ದು ಮಾಮೂಲಿ ಮರದ ಗೋಂದು. ನೀರಿಗೆ ತಡೆಯುವುದಲ್ಲ. ಪಕ್ಕದಲ್ಲೇ ಕಿಟಕಿ, ಎರಚಲು ಬೇರೆ. ಗೋಂದು ಬಿಟ್ಟು ತುಂಡು ಒಂದು ಕಡೆಗೆ ವಾಲಿತ್ತು. ಪಟ್ಟಿಯ ಹೊರ ಅಂಚು ಗಾಳಿಯಲ್ಲಿ ನಿಂತಿತ್ತು. ಅರ್ಧ ಕೆ.ಜಿ. ಇಂಜಿನ್ ಬಂದಾಗ ಹೊರಗಿನ ಹಳಿ ತಗ್ಗುತ್ತದೆ. ಮೂರು ಅಚ್ಚಿನ ಬೋಗಿ ಬಾಗುವುದಿಲ್ಲ. ಹಾಗಾಗಿ ಮುಂದಿನ ಚಕ್ರದ ಮೇಲೆ ಭಾರವೇ ಇರುವುದಿಲ್ಲ. ತಿರುವಿನಲ್ಲಿ ಅದು ಹೊರಗಿನ ಹಳಿಗೆ ಒತ್ತಿಕೊಂಡೇ ಇರುತ್ತದೆ. ಭಾರ ಇಲ್ಲದ ಚಕ್ರ ಹತ್ತಿಯೇ ಹತ್ತುತ್ತದೆ.

ಆ ಸಂದಿಗೆ ಒಂದು ವಿಸಿಟಿಂಗ್ ಕಾರ್ಡ್ ಸರಿಯಾಗಿ ಕೂತಿತು. ದಪ್ಪ 0.3 ಮಿ.ಮೀ. ಮಾವನಿಗೆ 87ರಿಂದ ಗುಣಿಸಿ ಹೇಳಿದೆ: ಘಾಟಿಯಲ್ಲಾದರೆ 26 ಮಿ.ಮೀ.

ಅವರ ಮುಖ ಬದಲಾಯಿತು. "ಒಂದಿಂಚು? ಗಾಡಿ ನಿಲ್ಲಿಸ್ತಿದ್ದೆ ನಾನು. ಕೆಂಪು ಬಾವುಟ ಹಿಡ್ಕೊಂಡು ಓಡ್ತಿದ್ದೆ."

ಹಳೆ ಗೋಂದು ಕೆರೆದು, ನೀರಿಗೆ ತಡೆಯುವ ಗೋಂದು ಹಚ್ಚಿ, ಕಾರ್ಡಿನ ತುಂಡು ಇಟ್ಟು, ಕ್ಲಾಂಪ್ ಹಾಕಿದೆವು. ಊಟ ಮುಗಿಸಿ, ಒಂದು ನಿದ್ದೆ ಮಾಡಿ ಎದ್ದು ಸಂಜೆ ಐದಕ್ಕೆ ಗಾಡಿ ಬಿಟ್ಟೆವು. ಆರು ವ್ಯಾಗನ್ ಎಳೆದುಕೊಂಡು ಇಂಜಿನ್ ಮೂರನೇ ಕಂಬ ದಾಟಿತು. ನಾಲ್ಕು, ಐದು, ಸುರಂಗದ ಒಳಗೆ, ಹೊರಗೆ, ಮೇಲೆ. ನಾನು ಕೂಗಿಬಿಟ್ಟೆ. ಮಾವ ತಲೆ ಎತ್ತಲಿಲ್ಲ. ಅವರ ಕಣ್ಣು ಹಳಿಯ ಮೇಲೇ ಇತ್ತು.

ಗಾಡಿಯನ್ನು ಮೇಲೆ ನಿಲ್ಲಿಸು ಅಂದರು. ಕೆಳಗಿನಿಂದ ಶುರು ಮಾಡಿ, ಒಂದೊಂದು ಕಂಬದ ಹತ್ತಿರ ಎರಡೂ ಹಳಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಮೇಜಿನ ಸುತ್ತ ನಡೆದರು. ಸುರಂಗ ಬಂದಾಗ ಹಿಂದಿನ ಕಿಂಡಿಯಿಂದ ಕೈ ತೂರಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕು ಕಡೆ ಚಾಕ್‌ಪೀಸಿನಲ್ಲಿ ಅಡ್ಡಗೆರೆ ಎಳೆದರು. ನಾನು ಹಿಂದೆ ಹಿಂದೆ ಹೋಗಿ ಕಂಬದ ನಂಬರ್ ಬರೆದುಕೊಂಡೆ: ಏಳು, ಎಂಟು, ಹನ್ನೆರಡು. ನಾಲ್ಕನೆಯ ಗೆರೆ ಸುರಂಗದ ಒಳಗಿದೆ. ಅಲ್ಲಿಗೆ ಕ್ಲಾಂಪ್ ಹೋಗುವುದಿಲ್ಲ, ಗುಡ್ಡ ಬಿಚ್ಚಬೇಕು. ಮುಂದಿನ ಭಾನುವಾರ ಬೇಗ ಬರುತ್ತೇನೆ ಅಂತ ಹೇಳಿ ಮಾವ ಕೊಡೆ ತೆಗೆದುಕೊಂಡರು.