ಕರ್ಕ್ ಅವಳನ್ನು ಉಳಿಸಬೇಕಿತ್ತಾ?

ಕ್ಯಾಪ್ಟನ್ ಕರ್ಕ್ ಮತ್ತು ಅವನ ಬಾಹ್ಯಾಕಾಶ ನೌಕೆಯ ಕಥೆ ಹೇಳುವ ಅಮೆರಿಕದ ಹಳೆಯ ಟೀವಿ ಸರಣಿ ಸ್ಟಾರ್ ಟ್ರೆಕ್ ಅಂದ್ರೆ ನನಗೆ ಪ್ರಾಣ ಅಂತ ಗೊತ್ತಿರುವವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ‘ಆ ಈಡಿತ್ ಸಾಯುವ ಎಪಿಸೋಡ್ ಇದೆಯಲ್ಲ, ಅದರಲ್ಲಿ ಕರ್ಕ್ ಮಾಡಿದ್ದು ಸರಿನಾ?’ ಹೋದ ತಿಂಗಳು ಅಕ್ಕನ ಮಗಳು ಅದನ್ನು ಮೊದಲ ಸಲ ನೋಡಿ, ರಾತ್ರಿ ಹನ್ನೊಂದು ಗಂಟೆಗೆ ಫೋನ್ ಮಾಡಿದಳು. ‘ಮಾಮ, ಇನ್ನೊಂದು ಹೆಜ್ಜೆ ಇಟ್ಟಿದ್ರೆ ಸಾಕಿತ್ತಲ್ವಾ?’ ಅಂದಳು. ಗಂಟಲು ಕಟ್ಟಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನೋಡದವರಿಗಾಗಿ ಕಥೆ ಇಷ್ಟು. ಎಪಿಸೋಡಿನ ಹೆಸರು ‘ದ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’. ಅಮೆರಿಕದ ಎನ್‌ಬಿಸಿ ಚಾನೆಲ್ಲಿನಲ್ಲಿ 1967ರ ಏಪ್ರಿಲ್ 6ರಂದು ಬಂತು. ನೌಕೆಯ ಡಾಕ್ಟರ್ ಮೆಕಾಯ್‌ಗೆ ಆಕಸ್ಮಿಕವಾಗಿ ಔಷಧಿ ಜಾಸ್ತಿ ಚುಚ್ಚಿಕೊಂಡು ತಲೆ ಕೆಡುತ್ತದೆ. ಕಾಲದ ಬಾಗಿಲೊಂದನ್ನು ಹಾರಿ ಹಳೆಯ ಭೂಮಿಗೆ ಹೋಗಿಬಿಡುತ್ತಾನೆ. ಅಲ್ಲಿ ಅವನೇನೋ ಮಾಡಿದ್ದರಿಂದ ಇತಿಹಾಸವೇ ಬದಲಾಗಿ, ಎಂಟರ್‌ಪ್ರೈಸ್ ನೌಕೆ ಇಲ್ಲದಂತಾಗುತ್ತದೆ. ಅದನ್ನು ಸರಿಮಾಡಲು ಕರ್ಕ್ ಮತ್ತು ಅವನ ಕೆಳಗಿನ ಅಧಿಕಾರಿ ಸ್ಪಾಕ್ 1930ರ ನ್ಯೂಯಾರ್ಕಿಗೆ ಹೋಗುತ್ತಾರೆ. ಕೆಲಸವಿಲ್ಲದವರಿಗೆ ಸೂಪು, ಬ್ರೆಡ್ಡು ಕೊಡುವ ಈಡಿತ್ ಕೀಲರ್ ಇವರಿಗೂ ಗಂಟೆಗೆ 15 ಸೆಂಟಿನ ಕೂಲಿ ಕೊಡುತ್ತಾಳೆ. ಕರ್ಕ್‌ಗೆ ಅವಳ ಮೇಲೆ ಮನಸ್ಸಾಗುತ್ತದೆ. ಸ್ಪಾಕ್ ರೇಡಿಯೋ ವಾಲ್ವುಗಳನ್ನು ಜೋಡಿಸಿ ಯಂತ್ರವೊಂದನ್ನು ಮಾಡಿ ಮುಂದಿನದನ್ನು ನೋಡುತ್ತಾನೆ. ಈಡಿತ್ ಬದುಕಿದರೆ ಅವಳ ಶಾಂತಿ ಚಳವಳಿಯಿಂದ ಅಮೆರಿಕ ಎರಡನೇ ಮಹಾಯುದ್ಧಕ್ಕೆ ತಡವಾಗಿ ಇಳಿಯುತ್ತದೆ. ಅಷ್ಟರಲ್ಲಿ ಹಿಟ್ಲರನ ಕೈಗೆ ಅಣುಬಾಂಬು ಸಿಗುತ್ತದೆ. ಇತಿಹಾಸ ಮೊದಲಿನಂತಾಗಬೇಕಾದರೆ ಅವಳು ರಸ್ತೆ ಅಪಘಾತದಲ್ಲಿ ಸಾಯಬೇಕು; ಮೆಕಾಯ್ ಅವಳನ್ನು ಉಳಿಸಿದ್ದರಿಂದಲೇ ಎಲ್ಲ ಬದಲಾಗಿದ್ದು.

ಕೊನೆಗೆ ಲಾರಿ ಬರುತ್ತದೆ. ಎಲ್ಲರ ವಾದವೂ ಅಲ್ಲಿಂದಲೇ ಶುರು. ನನಗೆ ಮಾತ್ರ ಅದಕ್ಕಿಂತ ಮುಂಚಿನ ಒಂದು ದೃಶ್ಯ ಮುಖ್ಯ. ಮೆಟ್ಟಿಲ ಮೇಲೆ ಈಡಿತ್ ಕಾಲು ಜಾರುತ್ತಾಳೆ. ಕರ್ಕ್ ತಟ್ಟನೆ ಹಿಡಿದುಕೊಳ್ಳುತ್ತಾನೆ. ಸ್ಪಾಕ್ ಅದನ್ನು ನೋಡಿ, ನೀನು ಹಿಡಿಯದಿದ್ದರೆ ಅವಳು ಅಲ್ಲೇ ಸಾಯಬಹುದಿತ್ತು ಅನ್ನುತ್ತಾನೆ. ಸಮಯ ಇನ್ನೂ ಬಂದಿಲ್ಲ, ಮೆಕಾಯ್ ಇಲ್ಲಿಲ್ಲವಲ್ಲ ಅಂತ ಕರ್ಕ್ ಉತ್ತರ ಕೊಡುತ್ತಾನೆ. ಅದು ಬರೀ ನೆಪ. ಬೀಳುವವಳನ್ನು ಕಂಡಾಗ ಅವನು ಯೋಚನೆಯನ್ನೇ ಮಾಡಲಿಲ್ಲ, ಕೈ ತಾನಾಗಿ ಮುಂದೆ ಹೋಯಿತು. ಅಂಥ ಕೈಯನ್ನು ರಸ್ತೆಯಲ್ಲಿ ಅವನು ತಡೆಯಬೇಕಾಯಿತು. ಅವಳನ್ನು ಎಳೆದುಕೊಳ್ಳಲು ಅವನೂ ನುಗ್ಗುತ್ತಾನೆ, ಸ್ಪಾಕ್ ಕೂಗಿದ ಮೇಲೆ ನಿಲ್ಲುತ್ತಾನೆ. ಮೆಕಾಯ್ ಓಡಿದಾಗ ಅವನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆ. ಬೆನ್ನ ಹಿಂದೆ ಬ್ರೇಕಿನ ಸದ್ದು. ಕರ್ಕ್ ಕಣ್ಣು ಮುಚ್ಚಿಕೊಂಡಿರುತ್ತಾನೆ.

ಅವನು ಮಾಡಿದ್ದು ಸರಿ ಅಂತಲೇ ನನ್ನ ಉತ್ತರ. ಆದರೆ ‘ಒಬ್ಬಳು ಸತ್ತರೆ ಲಕ್ಷಾಂತರ ಜನ ಉಳೀತಾರೆ’ ಅಂತ ಸುಮ್ನೆ ಲೆಕ್ಕ ಹಾಕಿ ಮುಗಿಸುವವರ ಜೊತೆ ನನಗೆ ಜಗಳವಿದೆ. ಲೆಕ್ಕ ಸರಿಬಂದ ಸಮಾಧಾನ ಈ ಕಥೆಯಲ್ಲಿ ಯಾರಿಗೂ ಸಿಗುವುದಿಲ್ಲ. ವಾಪಸ್ ಬಂದ ಮೇಲೆ, ಇನ್ನೆಷ್ಟೋ ಪ್ರಯಾಣ ಮಾಡಬಹುದು ಅಂತ ಕಾಲದ ಬಾಗಿಲು ಕರೆಯುತ್ತದೆ. ಕರ್ಕ್ ಒಂದು ಬಿರುಸು ಮಾತಾಡಿ, ನಡೀರಿ ಇಲ್ಲಿಂದ ಅಂತ ಹೊರಡುತ್ತಾನೆ. ಈ ಸರಣಿಯ ಎಷ್ಟೋ ಎಪಿಸೋಡುಗಳು ನಗುವಿನಲ್ಲಿ ಮುಗಿಯುತ್ತವೆ. ಇದರಲ್ಲಿ ಆ ನಗು ಇಲ್ಲ.

ಚಿತ್ರಕಥೆ ಬರೆದ ಹಾರ್ಲನ್ ಎಲಿಸನ್ ಅವರ ಮೂಲ ಕರಡಿನಲ್ಲಿ ಕರ್ಕ್‌ಗೆ ಅವಳನ್ನು ಸಾಯಲು ಬಿಡುವುದು ಆಗುವುದೇ ಇಲ್ಲ. ಅವಳನ್ನು ಯಾರೂ ಉಳಿಸದಂತೆ ತಡೆಯುವವನು ಸ್ಪಾಕ್. ಬೇರೆಯವರು ತಿದ್ದಿ ಬರೆದಿದ್ದಕ್ಕೆ ಎಲಿಸನ್ ಕೊನೆಯವರೆಗೂ ಸಿಟ್ಟಾಗಿದ್ದರು. ಅವರ ಕರಡಿಗೆ ಚಿತ್ರಕಥೆಗಾರರ ಸಂಘವಾದ ರೈಟರ್ಸ್ ಗಿಲ್ಡಿನ ಪ್ರಶಸ್ತಿ ಬಂತು, ಟೀವಿಯಲ್ಲಿ ಬಂದದ್ದಕ್ಕೆ 1968ರಲ್ಲಿ ವೈಜ್ಞಾನಿಕ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು. ಪ್ರೀತಿಸಿದವನು ಸೋಲುವುದೇ ಹೆಚ್ಚು ನಿಜ ಅಂತ ಕರಡನ್ನು ಮೆಚ್ಚುವವರು ಬಹಳ ಜನ ಇದ್ದಾರೆ. ನಾನು ಟೀವಿಯ ಕಡೆಗೇ. ಆ ಭಾರವನ್ನು ಸ್ಪಾಕ್ ಹೊರಬಾರದು, ಮೆಟ್ಟಿಲ ಮೇಲೆ ಅವಳನ್ನು ಹಿಡಿದವನೇ ಹೊರಬೇಕು.

ನನ್ನನ್ನು ಕಾಡುವುದು ಇನ್ನೊಂದು ಸಾವು. ಅದೇ ನ್ಯೂಯಾರ್ಕಿನಲ್ಲಿ ಒಬ್ಬ ಹರಕು ಬಟ್ಟೆಯವನು ಹಾಲಿನ ಬಾಟಲಿ ಕದಿಯುತ್ತಾನೆ. ಮೆಕಾಯ್ ಎಚ್ಚರ ತಪ್ಪಿ ಬಿದ್ದಾಗ ಅವನ ಜೇಬಿಂದ ಫೇಸರ್ ಆಯುಧ ತೆಗೆದು, ಏನೋ ಒತ್ತಿ, ಅಲ್ಲೇ ಮಾಯವಾಗಿಬಿಡುತ್ತಾನೆ. ಅವನು ಸತ್ತಿದ್ದರಿಂದ ಇತಿಹಾಸ ಯಾಕೆ ಬದಲಾಗಲಿಲ್ಲ ಅಂತ ಅಭಿಮಾನಿಗಳು ಇವತ್ತಿಗೂ ಕಿತ್ತಾಡುತ್ತಾರೆ. ಅವನಿದ್ದರೂ ಇಲ್ಲದಿದ್ದರೂ ವ್ಯತ್ಯಾಸ ಆಗ್ತಿರಲಿಲ್ಲ ಅನ್ನುವುದು ಕೆಲವರ ಉತ್ತರ. ಅದನ್ನು ಕೇಳಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಈಡಿತ್ ಊಟ ಹಾಕುತ್ತಿದ್ದದ್ದು ಅಂಥವರಿಗೇ ಅಲ್ವಾ? ಕರ್ಕ್‌ಗಾಗಲಿ ಸ್ಪಾಕ್‌ಗಾಗಲಿ ಅವನು ಸತ್ತದ್ದೇ ಗೊತ್ತಾಗುವುದಿಲ್ಲ.

ಅಕ್ಕನ ಮಗಳೂ ಅವನನ್ನು ಗಮನಿಸಿರಲಿಲ್ಲ. ‘ಇರು ಮಾಮ, ಅಲ್ಲಿಂದ ಮತ್ತೆ ಹಾಕಿ ನೋಡ್ತೀನಿ’ ಅಂತ ಫೋನ್ ಇಟ್ಟಳು.